ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಡಿಸೈನ್ ಓದು, ಪೊವಾಯಿಯ ಕೆಲಸ, ಕೆಡುವ ಒತ್ತಕ್ಷರ

ಡಿಜಿಟಲ್ ವಿನ್ಯಾಸದ ಓದು ಮತ್ತು ಸಂಶೋಧನೆ ಕುರಿತು ಮುಂಬೈ, ಪುಣೆ, ಗೋವಾದ ಕನ್ನಡಿಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಉತ್ತರಿಸಿದವರು ವಿನ್ಯಾಸ ಕಲಿಸುವವರು ಮತ್ತು ಅಕ್ಷರ ಜೋಡಣೆಯ ಕೆಲಸ ಬಲ್ಲವರು.

ಪ್ರಶ್ನೆ: ಮಗಳು ಹನ್ನೆರಡನೇ ತರಗತಿ, ಕಾಮರ್ಸ್. ಐಐಟಿಯಲ್ಲಿ ಡಿಸೈನ್ ಓದುತ್ತೇನೆ ಅನ್ನುತ್ತಾಳೆ. ಐಐಟಿ ಅಂದಮೇಲೆ ಸೈನ್ಸ್ ಬೇಡವೇ? ಈಗಲೇ ದುಬಾರಿ ಲ್ಯಾಪ್‌ಟಾಪು, ಅಡೋಬಿ ಸಾಫ್ಟ್‌ವೇರು ಕೊಡಿಸಬೇಕೇ?
— ಡೊಂಬಿವಲಿಯಿಂದ ಒಬ್ಬ ತಾಯಿ

ಉತ್ತರ: ಸೈನ್ಸೂ ಬೇಕಿಲ್ಲ, ಲ್ಯಾಪ್‌ಟಾಪೂ ಈಗ ಬೇಕಿಲ್ಲ. ಪೊವಾಯಿಯ ಐಐಟಿ ಬಾಂಬೆಯಲ್ಲಿ ಬಿ.ಡಿಸ್. ನಾಲ್ಕು ವರ್ಷದ ಪದವಿ. ಅಲ್ಲಿಗೆ ಜೆಇಇ ಅಲ್ಲ, ಯುಸೀಡ್ ಪರೀಕ್ಷೆ. ಆರ್ಟ್ಸ್, ಕಾಮರ್ಸ್, ಸೈನ್ಸ್ ಮೂರೂ ಕಡೆಯವರು ಬರೆಯಬಹುದು. ಆದರೆ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ಒಟ್ಟು ಮೂರು ಗಂಟೆ, 300 ಅಂಕ. ‘ಎ’ ಭಾಗ ಕಂಪ್ಯೂಟರಿನ ಮೇಲೆ, ಎರಡು ಗಂಟೆ, 200 ಅಂಕ. ‘ಬಿ’ ಭಾಗ ಕಾಗದದ ಮೇಲೆ ಚಿತ್ರ, ಒಂದು ಗಂಟೆ, 100 ಅಂಕ. ‘ಎ’ಯಲ್ಲಿ ನಿಗದಿತ ಗೆರೆ ದಾಟದಿದ್ದರೆ ‘ಬಿ’ಯನ್ನು ನೋಡುವುದೇ ಇಲ್ಲ. ಸಂಖ್ಯೆ ಬರೆಯುವ ಪ್ರಶ್ನೆಗಳಲ್ಲಿ ತಪ್ಪಿದರೆ ಅಂಕ ಕಳೆಯುವುದಿಲ್ಲ, ಆಯ್ಕೆಯ ಪ್ರಶ್ನೆಗಳಲ್ಲಿ ಕಳೆಯುತ್ತಾರೆ. ಹಾಗಾಗಿ ಮೊದಲನೇ ಬಗೆಯದನ್ನು ಖಾಲಿ ಬಿಟ್ಟು ಬರುವುದು ಶುದ್ಧ ನಷ್ಟ. ಪರೀಕ್ಷೆ ಸಾಮಾನ್ಯವಾಗಿ ಜನವರಿಯಲ್ಲಿ. ಅರ್ಜಿ ಅದಕ್ಕೂ ಎರಡು ಮೂರು ತಿಂಗಳ ಮೊದಲೇ ಮುಗಿದಿರುತ್ತದೆ. ದೀಪಾವಳಿ ಕಳೆದ ಮೇಲೆ ನೋಡೋಣ ಅಂದುಕೊಂಡವರು ಒಂದು ವರ್ಷ ಕಳೆದುಕೊಳ್ಳುವುದು ಇಲ್ಲೇ.

ಕೋಚಿಂಗ್ ಕ್ಲಾಸಿನವರು ಪೆನ್ಸಿಲ್ ಶೇಡಿಂಗನ್ನು ಚೆನ್ನಾಗಿ ಕಲಿಸುತ್ತಾರೆ. ಆದರೆ ಅಂಕ ಹೋಗುವುದು ಶೇಡಿಂಗಿನಲ್ಲಲ್ಲ, ನೋಟದ ಮಟ್ಟದಲ್ಲಿ. ಡೊಂಬಿವಲಿ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತು ಗಮನಿಸಲಿ: ಹೆಚ್ಚುಕಡಿಮೆ ತನ್ನಷ್ಟೇ ಎತ್ತರದವರ ತಲೆಗಳೆಲ್ಲ, ಹತ್ತಿರದವರಿರಲಿ ದೂರದವರಿರಲಿ, ಒಂದೇ ಗೆರೆಯಲ್ಲಿ ಬರುತ್ತವೆ. ಅದೇ ಕಣ್ಣಿನ ಮಟ್ಟದ ಗೆರೆ. ದೂರ ಹೋದಷ್ಟೂ ಮೇಲಕ್ಕೇರುವುದು ಪಾದ. ಹೆಚ್ಚಿನ ಮಕ್ಕಳು ಎಲ್ಲರ ಪಾದವನ್ನೂ ಒಂದೇ ಗೆರೆಗೆ ತಂದು, ದೂರದವರ ತಲೆಯನ್ನು ಕೆಳಗೆ ಬಿಡಿಸುತ್ತಾರೆ. ದೂರದ ದೊಡ್ಡವರು ಹತ್ತಿರದ ಚಿಕ್ಕ ಹುಡುಗರಂತೆ ಕಾಣುತ್ತಾರೆ. ಅದೇ ಪ್ಲಾಟ್‌ಫಾರಮನ್ನು ಮೇಲಿನ ಸೇತುವೆಯಿಂದ ಇನ್ನೊಮ್ಮೆ ಬಿಡಿಸಲಿ. ಆಗ ಗೆರೆ ತಲೆಗಳಿಗಿಂತ ಬಹಳ ಮೇಲೆ ಹೋಗುತ್ತದೆ. ಇದನ್ನು ಆರು ತಿಂಗಳು ಮಾಡಿದರೆ ನೂರು ಮಾದರಿ ಪ್ರಶ್ನೆಪತ್ರಿಕೆಗಿಂತ ಹೆಚ್ಚು ಉಪಯೋಗ. ಖರ್ಚು: ಒಂದು ನೋಟ್‌ಬುಕ್ಕು, ಎರಡು ಪೆನ್ಸಿಲು.

ಪ್ರಶ್ನೆ: ಡಿ-ಸೋರ್ಸ್ ಎಂಬ ಉಚಿತ ಪಾಠಗಳ ಬಗ್ಗೆ ಕೇಳಿದೆ. ಯಾರು ಮಾಡಿದ್ದು? ಒಬ್ಬ ಪ್ರಾಧ್ಯಾಪಕರು ಇಷ್ಟೆಲ್ಲ ಮಾಡಿಸಬಲ್ಲರೇ? ಕನ್ನಡದಲ್ಲಿದೆಯೇ?
— ಠಾಣೆಯಿಂದ, ನಿವೃತ್ತ ಚಿತ್ರಕಲಾ ಶಿಕ್ಷಕರು

ಉತ್ತರ: ಐಐಟಿ ಬಾಂಬೆಯ ವಿನ್ಯಾಸ ಶಾಲೆ ಐಡಿಸಿಯ ಯೋಜನೆ ಅದು. ಮುನ್ನಡೆಸಿದವರು ಆಗ ಅಲ್ಲಿ ಪ್ರಾಧ್ಯಾಪಕರಾಗಿದ್ದ ರವಿ ಪೂವಯ್ಯ. ಕೇಂದ್ರ ಸರ್ಕಾರ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ (ಐಸಿಟಿ) ಮೂಲಕ ಶಿಕ್ಷಣ ಹರಡಲು ನಡೆಸಿದ ರಾಷ್ಟ್ರೀಯ ಮಿಷನ್ನಿನ ಹಣದಲ್ಲಿ, ಐಐಟಿ ಗುವಾಹಟಿಯ ವಿನ್ಯಾಸ ವಿಭಾಗ ಮತ್ತು ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯ ಬೆಂಗಳೂರು ಕೇಂದ್ರದ ಜೊತೆಗೂಡಿ ನಡೆದ ಕೆಲಸ. ಒಬ್ಬರೇ ಮಾಡಿದ್ದಲ್ಲ, ಒಬ್ಬರಿಂದ ಆಗುವಂಥದ್ದೂ ಅಲ್ಲ. ಮುಂದೆ ನಿಂತವರ ಪಾಲು ಬೇರೆ: ಯಾವುದನ್ನು ದಾಖಲಿಸಬೇಕು, ಯಾವ ಚೌಕಟ್ಟಿನಲ್ಲಿ, ಬೇರೆ ಊರಿನ ಮೇಷ್ಟ್ರುಗಳನ್ನು ಹೇಗೆ ಒಳಗೆ ತರಬೇಕು ಎಂದು ತೀರ್ಮಾನಿಸುವುದು. ಸಂಶೋಧನಾ ಪ್ರಬಂಧಗಳ ಎಣಿಕೆಯಲ್ಲಿ ಈ ಕೆಲಸ ಕಾಣುವುದಿಲ್ಲ. ನಮ್ಮ ದೇಶದ ವಿನ್ಯಾಸ ಶಿಕ್ಷಣಕ್ಕೆ ಹೆಚ್ಚು ಬೇಕಿರುವುದು ಇದೇ ಎಂದು ನಮ್ಮ ಅಭಿಪ್ರಾಯ.

ಕಾರಣ ಇಷ್ಟು. ವಿನ್ಯಾಸವನ್ನು ಕಲಿಸುವುದು ಸ್ಟುಡಿಯೋದಲ್ಲಿ, ಕೈಯಲ್ಲಿರುವ ಕೆಲಸದ ಮೇಲೆ ಮಾತಾಡುತ್ತ. ಇನ್ನೂರು ಮಂದಿಯ ಹಾಲಿನಲ್ಲಿ ಅದು ನಡೆಯದು. ಕಾಲೇಜುಗಳು ಹೆಚ್ಚಿದವು, ಕಲಿಸಬಲ್ಲವರು ಅಷ್ಟು ಹೆಚ್ಚಲಿಲ್ಲ. ಆ ಕೊರತೆಗೆ ಪರಿಹಾರವೆಂದು ಪಾಠ, ಕರಕುಶಲ ಕಲೆಗಳ ದಾಖಲೆ, ವಿದ್ಯಾರ್ಥಿಗಳ ಯೋಜನೆಗಳ ವಿವರ, ವಿಡಿಯೋ ಉಪನ್ಯಾಸ ಎಲ್ಲವನ್ನೂ ಯಾರು ಬೇಕಾದರೂ ನೋಡುವಂತೆ ಡಿ-ಸೋರ್ಸ್‌ನಲ್ಲಿ ಇಟ್ಟರು. ಹೆಚ್ಚಿನದು ಇಂಗ್ಲಿಷಿನಲ್ಲಿದೆ. ಗುಣಮಟ್ಟ ಏಕರೂಪವಲ್ಲ: ಕೆಲವು ಕರಕುಶಲ ದಾಖಲೆಗಳು ಹಂತಹಂತದ ಚಿತ್ರಗಳೊಂದಿಗೆ ಗಟ್ಟಿಯಾಗಿವೆ, ಕೆಲವು ಪಾಠಗಳು ಟಿಪ್ಪಣಿಯ ಮಟ್ಟದಲ್ಲೇ ನಿಂತಿವೆ. ಸುಮ್ಮನೆ ಓದಿಕೊಂಡು ಹೋದರೆ ಏನೂ ಹತ್ತುವುದಿಲ್ಲ. ಒಂದು ಪಾಠ ಹಿಡಿದು ಅದರ ಅಭ್ಯಾಸವನ್ನು ಮೊದಲು ನೀವೇ ಮಾಡಿ, ಆಮೇಲೆ ಅಲ್ಲಿ ಹಾಕಿರುವ ವಿದ್ಯಾರ್ಥಿಗಳ ಕೆಲಸ ನೋಡಿ.

ಐಡಿಸಿ ಶುರುವಾದದ್ದು 1969ರಲ್ಲಿ, ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್ ಎಂಬ ಹೆಸರಿನಲ್ಲಿ. ಅದನ್ನು ಕಟ್ಟಿದ ಸುಧಾಕರ ನಾಡಕರ್ಣಿ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೂ ಜರ್ಮನಿಯ ಉಲ್ಮ್ ವಿನ್ಯಾಸ ಶಾಲೆಯಲ್ಲೂ ಓದಿದವರು. ಮುಂದೆ ಗುವಾಹಟಿ ಐಐಟಿಯ ವಿನ್ಯಾಸ ವಿಭಾಗವನ್ನೂ ಕಟ್ಟಿದರು. ಅಕ್ಷರ ವಿನ್ಯಾಸಕ ಆರ್.ಕೆ. ಜೋಶಿ ಐಡಿಸಿಯಲ್ಲಿ ಪಾಠ ಮಾಡಿದರು, ಬಳಿಕ ಮುಂಬೈಯ ಸಾಫ್ಟ್‌ವೇರ್ ಸಂಶೋಧನಾ ಸಂಸ್ಥೆ ಎನ್‌ಸಿಎಸ್‌ಟಿಯಲ್ಲಿ ಭಾರತೀಯ ಲಿಪಿಗಳ ಕಂಪ್ಯೂಟರ್ ಅಕ್ಷರಗಳನ್ನು ರೂಪಿಸಿದರು. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ‘ತುಂಗಾ’ ನೆನಪಿದೆಯೇ? ಲಕ್ಷಾಂತರ ಕನ್ನಡಿಗರು ಮೊದಲ ಸಲ ಯೂನಿಕೋಡ್ (ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಅಕ್ಷರ ಸಂಕೇತ) ಕನ್ನಡ ಓದಿದ ಆ ಫಾಂಟು ಅವರ ನಿರ್ದೇಶನದ್ದು. 2008ರಲ್ಲಿ ಅವರು ತೀರಿಕೊಂಡರು. ಅಕ್ಷರ ವಿನ್ಯಾಸದವರು ಸೇರುವ ಟೈಪೋಗ್ರಫಿ ಡೇ ಐಐಟಿ ಬಾಂಬೆಯಲ್ಲಿ ಆರಂಭವಾದದ್ದೂ ಅದೇ ವರ್ಷ.

ಪ್ರಶ್ನೆ: ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ವಯಸ್ಸು 31. ಇಂಟರ್‍ಯಾಕ್ಷನ್ ಡಿಸೈನಿನಲ್ಲಿ ಎಂ.ಡಿಸ್. (ವಿನ್ಯಾಸದ ಸ್ನಾತಕೋತ್ತರ ಪದವಿ) ಮಾಡುವ ಆಸೆ. ಪೋರ್ಟ್‌ಫೋಲಿಯೋದಲ್ಲಿ (ಮಾಡಿದ ಕೆಲಸಗಳ ಸಂಗ್ರಹ) ಏನಿರಬೇಕು? ಹದಿನೈದು ಆ್ಯಪ್ ಸ್ಕ್ರೀನುಗಳನ್ನು ಮಾಡಿಟ್ಟಿದ್ದೇನೆ.
— ಪುಣೆ

ಉತ್ತರ: ವಯಸ್ಸಿನ ಚಿಂತೆ ಬಿಡಿ. ಎಂ.ಡಿಸ್. ಪ್ರವೇಶದ ಸೀಡ್ ಪರೀಕ್ಷೆಗೆ ವಯೋಮಿತಿಯೂ ಇಲ್ಲ, ಇಷ್ಟೇ ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. ‘ಎ’ ಭಾಗ ಒಂದು ಗಂಟೆ, ‘ಬಿ’ ಭಾಗ ಎರಡು ಗಂಟೆ. ಅಂತಿಮ ಅಂಕದಲ್ಲಿ ‘ಎ’ಗೆ ಶೇ. 25, ‘ಬಿ’ಗೆ ಶೇ. 75. ಅಂಕಕ್ಕೆ ಒಂದೇ ವರ್ಷ ಮಾನ್ಯತೆ. ಅದಾದ ಮೇಲೆ ಆಯಾ ಸಂಸ್ಥೆಯ ಆಯ್ಕೆ ಪ್ರಕ್ರಿಯೆ ಮತ್ತು ಸಂದರ್ಶನ.

ಹದಿನೈದು ಸ್ಕ್ರೀನು ಬೇಡ. ಮೂರು ಯೋಜನೆ ಸಾಕು, ಅದರಲ್ಲೂ ಒಂದು ಆಳವಾಗಿರಲಿ. ಸಂದರ್ಶನದಲ್ಲಿ ಕೂತವರು ಬಣ್ಣ ನೋಡುವುದಿಲ್ಲ. ಇದು ಹೀಗೇಕೆ, ಮೊದಲು ಹೇಗಿತ್ತು, ಯಾರನ್ನು ನೋಡಿ ಬದಲಾಯಿಸಿದಿರಿ ಎಂದು ಕೇಳುತ್ತಾರೆ. ಹೆಸರಾಂತ ಆ್ಯಪ್ಪನ್ನು ಮರುವಿನ್ಯಾಸ ಮಾಡಿದ ಪೋರ್ಟ್‌ಫೋಲಿಯೋಗಳು ಸೋಲುವುದು ಆ ಕಾರಣಕ್ಕೆ. ಒಳಗಿನ ಅಂಕಿ ಅಂಶ ನಿಮ್ಮ ಬಳಿ ಇರುವುದಿಲ್ಲ, ಬಳಸುವವರನ್ನು ನೋಡಿರುವುದಿಲ್ಲ, ಕೊನೆಗೆ ಬರೀ ರುಚಿಯ ಮಾತಾಗುತ್ತದೆ.

ನಿಮ್ಮ ಸುತ್ತಲೇ ವಿಷಯವಿದೆ. ಪುಣೆಯಿಂದ ಊರಿಗೆ ಹೋಗುವ ರಾತ್ರಿ ಬಸ್ಸಿನ ಸೀಟು ಕಾಯ್ದಿರಿಸುವುದನ್ನೇ ತೆಗೆದುಕೊಳ್ಳಿ. ಹುಬ್ಬಳ್ಳಿ, ವಿಜಯಪುರ, ಮಂಗಳೂರು ಕಡೆಯ ಹಿರಿಯರು ಎಡವುವ ಜಾಗ ಹಣ ಕಟ್ಟುವುದಲ್ಲ, ಹತ್ತುವ ಸ್ಥಳ ಆರಿಸುವುದು. ವಾಕಡ್, ಸ್ವಾರಗೇಟ್, ಕಾತ್ರಜ್ ಎಂದು ಉದ್ದನೆಯ ಪಟ್ಟಿ, ಪ್ರತಿಯೊಂದರ ಕೆಳಗೆ ಯಾವುದೋ ಹೋಟೆಲಿನ ಎದುರು ಎಂಬ ಗುರುತು, ಪಕ್ಕದಲ್ಲಿ ಗಂಟೆ. ಮಧ್ಯರಾತ್ರಿ ದಾಟಿದ ಸಮಯವಿದ್ದರೆ ತಾರೀಕು ಯಾವುದು ಎಂಬ ಗೊಂದಲ ಬೇರೆ. 00:15 ಎಂದರೆ ಇಂದಿನ ರಾತ್ರಿಯೋ ನಾಳಿನದೋ?

ಕೆಲಸ ಹೀಗೆ ಸಾಗಲಿ. ಮೊದಲು ಐದಾರು ಮಂದಿ ತಮ್ಮದೇ ಫೋನಿನಲ್ಲಿ ನಿಜವಾದ ಟಿಕೆಟ್ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ. ಸಹಾಯ ಮಾಡಬೇಡಿ, ಇದೇ ಅತಿ ಕಷ್ಟದ ನಿಯಮ. ಬೆರಳು ಎಲ್ಲಿ ನಿಂತಿತು, ಎಲ್ಲಿ ಹಿಂದಕ್ಕೆ ಹೋದರು, ಯಾವಾಗ ಮಗನಿಗೆ ಫೋನ್ ಮಾಡಿದರು ಎಂದು ಬರೆದುಕೊಳ್ಳಿ. ಆಮೇಲೆ ಕಾಗದದ ಮೇಲೆ ಮೂರು ಬೇರೆಬೇರೆ ಪರಿಹಾರ. ಒಂದೇ ಪರಿಹಾರದ ಮೂರು ಬಣ್ಣ ಅಲ್ಲ. ಅದರಲ್ಲೊಂದನ್ನು ಒತ್ತಿದರೆ ಮುಂದಕ್ಕೆ ಹೋಗುವ ಮಾದರಿ ಮಾಡಿ, ಹೊಸಬರ ಕೈಗೆ ಕೊಡಿ. “ಇದು ಸುಲಭ ಅನ್ನಿಸಿತಾ?” ಎಂದು ಕೇಳಿದರೆ ನಮ್ಮವರು ಸಂಕೋಚಕ್ಕೆ ಹೌದು ಅನ್ನುತ್ತಾರೆ. “ಶುಕ್ರವಾರ ರಾತ್ರಿ ಕಾತ್ರಜ್‌ನಲ್ಲಿ ಹತ್ತಬೇಕು, ಇಬ್ಬರಿಗೆ ಟಿಕೆಟ್ ಮಾಡಿ” ಎಂದು ಕೆಲಸ ಕೊಡಿ. ಆಫೀಸಿನ ಸಹೋದ್ಯೋಗಿಗಳ ಮೇಲೆ ಪರೀಕ್ಷಿಸಿದರೆ ಏನೂ ಸಿಗದು, ಅವರೂ ನಿಮ್ಮ ಹಾಗೇ ಯೋಚಿಸುವವರು.

ಐವರನ್ನು ನೋಡಿದರೆ ಶೇ. 85ರಷ್ಟು ತೊಂದರೆ ಸಿಗುತ್ತದೆ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ. ಅದು 1993ರಲ್ಲಿ ಸಂಶೋಧಕರಾದ ನೀಲ್ಸನ್ ಮತ್ತು ಲ್ಯಾಂಡವರ್ ಮಾಡಿದ ಲೆಕ್ಕದಿಂದ ಬಂದದ್ದು. ಒಂದು ತೊಂದರೆ ಸರಾಸರಿ ಶೇ. 31 ಬಳಕೆದಾರರಲ್ಲಿ ಕಾಣಿಸುತ್ತದೆ ಎಂಬ ಎಣಿಕೆಯ ಮೇಲೆ ನಿಂತಿದೆ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಆಗುವ ತೊಂದರೆಯಾದರೆ ಐವರಲ್ಲಿ ಅದು ಕಣ್ಣಿಗೆ ಬೀಳುವ ಸಾಧ್ಯತೆ ಶೇ. 41 ಮಾತ್ರ. ಸಂದರ್ಶನದಲ್ಲಿ ಈ ಸಂಖ್ಯೆ ಎತ್ತುವುದಾದರೆ ಅದರ ಮಿತಿಯನ್ನೂ ಹೇಳಿ. ಬಳಕೆಯ ಸುಲಭತೆಗೆ ಎಸ್‌ಯುಎಸ್ ಎಂಬ ಹತ್ತು ಹೇಳಿಕೆಗಳ ಪಟ್ಟಿಯೂ ಇದೆ. ಬೆಸ ಸಂಖ್ಯೆಯ ಹೇಳಿಕೆಗೆ 1ರಿಂದ 5ರೊಳಗೆ ಕೊಟ್ಟ ಅಂಕದಿಂದ 1 ಕಳೆಯಬೇಕು, ಸಮ ಸಂಖ್ಯೆಯದನ್ನು 5ರಿಂದ ಕಳೆಯಬೇಕು, ಎಲ್ಲ ಕೂಡಿ 2.5ರಿಂದ ಗುಣಿಸಬೇಕು. 68ರ ಆಸುಪಾಸು ಸರಾಸರಿ. ಅದು ನೂರಕ್ಕೆ ಬಂದ ಶೇಕಡಾ ಅಲ್ಲ. ಹಾಗೆ ಬರೆದರೆ ಗೊತ್ತಿದ್ದವರು ಅಲ್ಲೇ ಹಿಡಿಯುತ್ತಾರೆ. ಸಮ ಸಂಖ್ಯೆಯವು ನಕಾರಾತ್ಮಕ ಹೇಳಿಕೆಗಳು. ಕನ್ನಡಕ್ಕೆ ತಂದಾಗ “ಇಲ್ಲ” “ಅಲ್ಲ” ಎಂದು ಮುಗಿಸಿದರೆ, ಒಪ್ಪುತ್ತೇನೆ, ಒಪ್ಪುವುದಿಲ್ಲ ಎಂಬ ಉತ್ತರದೊಂದಿಗೆ ಸೇರಿ ತಲೆಕೆಳಗಾಗುತ್ತದೆ. “ಬಳಸುವುದು ತೊಡಕಾಗಿತ್ತು” ಎಂದು ನೇರವಾಗಿ ಬರೆಯಿರಿ.

ಪೋರ್ಟ್‌ಫೋಲಿಯೋದಲ್ಲಿ ಬಿಟ್ಟುಕೊಟ್ಟ ಎರಡು ಪರಿಹಾರಗಳಿಗೂ ಜಾಗ ಇರಲಿ, ಬಿಟ್ಟದ್ದೇಕೆ ಎಂಬ ಒಂದು ಸಾಲಿನ ಜೊತೆ. ಟೆಸ್ಟರ್ ಆಗಿರುವುದು ನಿಮಗೆ ಅನುಕೂಲವೇ. ದೋಷ ವರದಿ ಬರೆದು ಪಳಗಿದ ಕೈ ಇದನ್ನು ಚೆನ್ನಾಗಿ ಬರೆಯುತ್ತದೆ.

ಪ್ರಶ್ನೆ: ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯನ್ನು ಡಿಸೈನ್ ಓದಿದ ಹುಡುಗನಿಗೇ ಕೊಟ್ಟೆವು. ಪುಟಗಳು ಚೆಂದ, ಅಕ್ಷರ ಮಾತ್ರ ಚೆಲ್ಲಾಪಿಲ್ಲಿ. ಒತ್ತಕ್ಷರ ಪಕ್ಕಕ್ಕೆ ಬಿದ್ದಿವೆ, ಕೆಲವು ಲೇಖನ ಓದಲಾಗದ ಗೀಚು, ‘ಸೂರ್ಯ’ದ ಅರ್ಕಾವತ್ತು ಬೇರೆ ಅಕ್ಷರಕ್ಕೆ ಅಂಟಿದೆ. ತಪ್ಪು ಎಲ್ಲಿ?
— ಮಾಟುಂಗಾ

ಉತ್ತರ: ಮೂರೂ ಬೇರೆಬೇರೆ ರೋಗ. ಹುಡುಗನನ್ನು ಬೈಯಬೇಡಿ, ಅವನ ಪಠ್ಯಕ್ರಮದಲ್ಲಿ ಇಂಗ್ಲಿಷ್ ಅಕ್ಷರ ಜೋಡಣೆಗೇ ಹೆಚ್ಚು ಜಾಗ ಇದ್ದಿರಬೇಕು.

ಓದಲಾಗದ ಗೀಚು ಹಳೆಯ ಫಾಂಟಿನದು. ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಬರೆಯುವ ಸಾಫ್ಟ್‌ವೇರುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂರಿಸಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕೆಳಗಿರುವ ಮೂಲ ಅಕ್ಷರಗಳೇ ಹೊರಬರುತ್ತವೆ. ಮೊದಲು ಎಲ್ಲ ಲೇಖನಗಳನ್ನೂ ಯೂನಿಕೋಡಿಗೆ ತನ್ನಿ. ನುಡಿ, ಬರಹ ಎರಡಕ್ಕೂ ಪರಿವರ್ತಕಗಳಿವೆ. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿಯ ಸಂಕೇತ ಬೇರೆ, ಅದಕ್ಕೆ ಅದರದೇ ಪರಿವರ್ತಕ ಬೇಕು. ಅದನ್ನು ನುಡಿಯ ಪರಿವರ್ತಕದಲ್ಲಿ ಹಾಕಿದರೆ ಹೊಸ ಗೀಚು ಹುಟ್ಟುತ್ತದೆ.

ಅರ್ಕಾವತ್ತು ಹೋಗುವುದು ಈ ಪರಿವರ್ತನೆಯಲ್ಲೇ. ಹಳೆಯ ಫಾಂಟಿನಲ್ಲಿ ‘ಸೂರ್ಯ’ ಅಂದರೆ ಸೂ, ಯ, ಕೊನೆಗೆ ಅರ್ಕಾವತ್ತಿನ ಚಿಹ್ನೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಸೂ, ರ, ವಿರಾಮ (ಸ್ವರ ತೆಗೆದು ಅರ್ಧಾಕ್ಷರ ಮಾಡುವ ಚಿಹ್ನೆ), ಯ. ಪರಿವರ್ತಕ ಚಿಹ್ನೆಯನ್ನು ಹಿಂದಕ್ಕೆ ಸರಿಸಿ ರ ಮಾಡಬೇಕು, ನಡುವೆ ಒತ್ತು ಮತ್ತು ಸ್ವರಚಿಹ್ನೆ ಎರಡೂ ಇದ್ದರೆ ಲೆಕ್ಕ ತಪ್ಪುತ್ತದೆ. ಮಾರ್ಗ, ಕಾರ್ಯಕ್ರಮ, ಅಧ್ಯಕ್ಷರ್ಯಾರು ಎಂಬಂಥ ಪದಗಳನ್ನು ಹುಡುಕಿ ಕಣ್ಣಿನಿಂದಲೇ ನೋಡುವುದು ಬಿಟ್ಟರೆ ದಾರಿಯಿಲ್ಲ. ‘ರ‍್ಯಾಂಕ್’ ಎಂದು ರ ಪೂರ್ತಿ ನಿಂತು ಯ ಒತ್ತಾಗಬೇಕಿದ್ದರೆ ರ ಆದಮೇಲೆ ಕಾಣದ ಸೇರಿಕೆ ಸಂಕೇತ, ಅಂದರೆ ಜೀರೋ ವಿಡ್ತ್ ಜಾಯಿನರ್, ಹಾಕಿ ವಿರಾಮ ಕೊಡಬೇಕು. ‘ಸಾಫ್ಟ್‌ವೇರ್’ ಒಂದೇ ಗೊಂಚಲಾಗಿ ‘ಸಾಫ್ಟ್ವೇರ್’ ಆಗಬಾರದಿದ್ದರೆ ಟ್ ಆದಮೇಲೆ ಸೇರದಂತೆ ತಡೆಯುವ ಕಾಣದ ಸಂಕೇತ, ನಾನ್-ಜಾಯಿನರ್. ಅತಿ ಉತ್ಸಾಹದಿಂದ ಎಲ್ಲ ಕಾಣದ ಸಂಕೇತಗಳನ್ನೂ ಹುಡುಕಿ ಅಳಿಸುವ ಪದ್ಧತಿ ಕೆಲವು ಡಿಸೈನರುಗಳಿಗಿದೆ, ಅದನ್ನು ತಡೆಯಿರಿ.

ಒತ್ತು ಪಕ್ಕಕ್ಕೆ ಬೀಳುವುದು ಪುಟ ಜೋಡಿಸುವ ಸಾಫ್ಟ್‌ವೇರು ಇನ್‌ಡಿಸೈನಿನ ಸೆಟ್ಟಿಂಗು. ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಬೇಕು. ಸಾಮಾನ್ಯ ಕಂಪೋಸರಿಗೆ ಭಾರತೀಯ ಲಿಪಿಯ ಜೋಡಣೆ ಗೊತ್ತಿಲ್ಲ. ಯಾವ ಕಡತವೂ ತೆರೆದಿರದಾಗ ಈ ಆಯ್ಕೆ ಮಾಡಿದರೆ ಮುಂದೆ ತೆರೆಯುವ ಹೊಸ ಕಡತಗಳಿಗೆಲ್ಲ ಅದೇ ಬರುತ್ತದೆ. ಹಳೆಯ ಕಡತದ ಪ್ಯಾರಾಗ್ರಾಫ್ ಸ್ಟೈಲುಗಳಲ್ಲಿ ಮಾತ್ರ ಒಂದೊಂದಾಗಿ ಬದಲಿಸಬೇಕು.

ಇನ್ನು ಅಂತರ. ‘ರಾಷ್ಟ್ರ’, ‘ಸ್ತ್ರೀ’ ಬರೆದು ನೋಡಿ: ಮೂಲ ಅಕ್ಷರದ ಕೆಳಗೆ ಒಂದು ಒತ್ತು, ಅದರ ಬಳಿಯೇ ಇನ್ನೊಂದು. ಇಂಗ್ಲಿಷಿನ ರೂಢಿಯ ಶೇ. 120 ಸಾಲಂತರ ಕೊಟ್ಟರೆ ಈ ಒತ್ತು ಕೆಳಸಾಲಿನ ಗುಡಿಸು, ದೀರ್ಘಗಳಿಗೆ ತಾಗುತ್ತದೆ. 11 ಪಾಯಿಂಟಿನ ಅಕ್ಷರಕ್ಕೆ 17 ಪಾಯಿಂಟಿನ ಸಾಲು ಕೊಡಿ. ಅಕ್ಷರಗಳ ನಡುವಿನ ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ. ಹಿಗ್ಗಿಸಿದರೆ ದೀರ್ಘವೂ ಒತ್ತೂ ಮೈಬಿಟ್ಟು ದೂರ ಸರಿಯುತ್ತವೆ. ಎರಡೂ ಅಂಚು ಸಮ ಮಾಡುವ ಆಸೆಗೆ ಸಾಫ್ಟ್‌ವೇರು ಇದನ್ನು ತಾನಾಗಿಯೇ ಮಾಡುತ್ತದೆ. ಕನ್ನಡದ ಪದ ಉದ್ದ, ಕಿರಿದಾದ ಎರಡು ಕಾಲಮ್ಮಿನಲ್ಲಿ ಒಂದು ಸಾಲಿಗೆ ಮೂರೇ ಪದ ಕೂರುತ್ತವೆ. ಅಂಥ ಕಡೆ ಎಡಕ್ಕೆ ಮಾತ್ರ ಜೋಡಿಸಿ.

ಫಾಂಟು ಕೊಳ್ಳಬೇಕಿಲ್ಲ. ನೋಟೋ ಸೆರಿಫ್ ಕನ್ನಡ, ತಿರೊ ಕನ್ನಡ ಲೇಖನಗಳಿಗೆ ಸಲೀಸು. ಶೀರ್ಷಿಕೆಗೆ ಮುಂಬೈಯ ಏಕ್ ಟೈಪ್ ತಂಡದ ಬಲೂ ತಮ್ಮ ಅಥವಾ ಅನೇಕ್ ಕನ್ನಡ. ಹತ್ತು ಲಿಪಿಗಳ ಅನೇಕ್ ಕುಟುಂಬದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಬದಲಿಸಬಹುದು. ಉದ್ದದ ಕನ್ನಡ ಶೀರ್ಷಿಕೆ ಒಂದು ಸಾಲಿಗೆ ಬರಬೇಕಾದಾಗ ಅಕ್ಷರವನ್ನು ಎಳೆದು ಚಪ್ಪಟೆ ಮಾಡುವ ಬದಲು ಇದರ ಕಿರಿದಾದ ರೂಪ ಬಳಸಿ. ಇವೆಲ್ಲ ಮುಕ್ತ ಪರವಾನಗಿಯವು. ಪ್ರೆಸ್ಸಿಗೆ ಕೊಡುವಾಗ ಫಾಂಟು ಒಳಗೊಂಡ ಪಿಡಿಎಫ್, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು). ಪ್ರೆಸ್ಸಿನವರು ತಮ್ಮ ಸಾಫ್ಟ್‌ವೇರಿನಲ್ಲಿ ತೆರೆದು “ಸ್ವಲ್ಪ ಸರಿಮಾಡುತ್ತೇವೆ” ಅಂದರೆ ಬಿಡಬೇಡಿ.

ಪ್ರಶ್ನೆ: ಕನ್ನಡ ಶಾಲೆಯ ಪೋಷಕರಿಗೆ ಫೋನಿನಲ್ಲಿ ಕನ್ನಡ ಟೈಪ್ ಮಾಡಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರವೂ ಕಷ್ಟ. ಐಐಟಿಯವರ ಸ್ವರಚಕ್ರ ಕಲಿಸಬಹುದೇ?
— ವಾಸ್ಕೋ, ಗೋವಾ

ಉತ್ತರ: ಇಂಥವರಿಗಾಗಿಯೇ ಮಾಡಿದ್ದು. ಐಡಿಸಿಯಲ್ಲಿ ಪ್ರಾಧ್ಯಾಪಕ ಅನಿರುದ್ಧ ಜೋಶಿಯವರ ತಂಡ ಆಂಡ್ರಾಯ್ಡ್ ಫೋನಿಗೆ ರೂಪಿಸಿದ ಕೀಲಿಮಣೆ ಅದು. ವ್ಯಂಜನಗಳು ಶಾಲೆಯಲ್ಲಿ ಕಲಿತ ವರ್ಗದ ಕ್ರಮದಲ್ಲೇ ಇವೆ. ‘ಕ’ ಒತ್ತಿ ಹಿಡಿದರೆ ಸುತ್ತಲೂ ಚಕ್ರ ಮೂಡಿ ಕಾ, ಕಿ, ಕು ಕಾಣುತ್ತವೆ. ಬೇಕಾದ ಕಡೆ ಬೆರಳು ಜಾರಿಸಿ ಎತ್ತಿದರೆ ಅಕ್ಷರ ಬಿತ್ತು. ವಿರಾಮದ ಕಡೆ ಜಾರಿಸಿದರೆ ಮುಂದಿನ ಒತ್ತಕ್ಷರ ಹೇಗೆ ಕಾಣುತ್ತದೆ ಎಂದು ಕೀಲಿಗಳ ಮೇಲೇ ತೋರಿಸುತ್ತದೆ. ಒತ್ತು ಎಂದರೆ ಅರ್ಧಾಕ್ಷರ ಸೇರಿಸುವುದು ಎಂಬ ತರ್ಕ ಗೊತ್ತಿಲ್ಲದವರಿಗೆ ಇದೇ ದೊಡ್ಡ ನೆರವು. ಅವರ ಫೋನಿನ ಆವೃತ್ತಿಗೆ ಅದು ಹೊಂದದಿದ್ದರೆ ಗೂಗಲ್ಲಿನ ಕೀಲಿಮಣೆ ಜಿಬೋರ್ಡಿನ ಕನ್ನಡ ವಿನ್ಯಾಸ ಹಾಕಿಕೊಡಿ.

ಕಲಿಸುವಾಗ ವರ್ಣಮಾಲೆಯಿಂದ ಶುರುಮಾಡಬೇಡಿ. ಮೊದಲು ಮನೆಯವರ ಹೆಸರು, ಆಮೇಲೆ ಒತ್ತಕ್ಷರವಿರುವ ‘ಅಮ್ಮ’, ‘ಅಕ್ಕ’, ಕೊನೆಗೆ ‘ಪ್ರಾರ್ಥನೆ’. ಹೆಚ್ಚಿನವರು ಎಡವುವುದು ಬೆರಳನ್ನು ಬೇಗ ಎತ್ತುವುದರಲ್ಲಿ. ಚಕ್ರ ಮೂಡುವ ಮೊದಲೇ ಎತ್ತಿದರೆ ಬರೀ ‘ಕ’ ಬೀಳುತ್ತದೆ. ಒಡೆದ ಗಾಜಿನ ರಕ್ಷೆ ಅಂಟಿಸಿದ ಫೋನಿನಲ್ಲಿ ಜಾರಿಸುವಿಕೆ ಸರಿಯಾಗಿ ಓದುವುದಿಲ್ಲ, ಅದನ್ನು ಮೊದಲು ತೆಗೆಸಿ. ಪ್ರಗತಿ ಅಳೆಯುವ ಮನಸ್ಸಿದ್ದರೆ ನಿಮಿಷಕ್ಕೆ ಎಷ್ಟು ಪದ ಎಂದು ಎಣಿಸಬೇಡಿ. ಐದು ಅಕ್ಷರಕ್ಕೆ ಒಂದು ಪದ ಎಂಬ ಅಳತೆ ಇಂಗ್ಲಿಷಿನದು. ಕನ್ನಡದಲ್ಲಿ ಕಣ್ಣಿಗೆ ಒಂದೇ ಆಗಿ ಕಾಣುವ ‘ಕ್ಷ’ದಲ್ಲೇ ಮೂರು ಸಂಕೇತಗಳಿವೆ. ಎಲ್ಲರಿಗೂ ಒಂದೇ ಹತ್ತು ವಾಕ್ಯ ಕೊಟ್ಟು, ನಿಮಿಷಕ್ಕೆ ಎಷ್ಟು ಸಂಕೇತ ಮತ್ತು ಎಷ್ಟು ತಪ್ಪು ತಿದ್ದದೆ ಉಳಿಯಿತು ಎಂದು ಬರೆದಿಡಿ.

ಪ್ರಶ್ನೆ: ಎಐಗೆ ಹೇಳಿ ರಾಜ್ಯೋತ್ಸವದ ಪೋಸ್ಟರ್ ಮಾಡಿಸಿದರೆ ಕನ್ನಡ ಅಕ್ಷರ ವಿಚಿತ್ರವಾಗಿ ಬರುತ್ತದೆ. ಏನು ಮಾಡಲಿ?
— ಪಣಜಿ

ಉತ್ತರ: ಅದು ಅಕ್ಷರವನ್ನು ಬರೆಯುತ್ತಿಲ್ಲ, ಅಕ್ಷರದ ಆಕಾರವನ್ನು ಚಿತ್ರವಾಗಿ ಊಹಿಸುತ್ತಿದೆ. ಅಕ್ಷರವಿಲ್ಲದ ಚಿತ್ರ ಮಾತ್ರ ಕೇಳಿ, ಶೀರ್ಷಿಕೆಗೆ ಮೇಲ್ಭಾಗದಲ್ಲಿ ಮೂರರಲ್ಲೊಂದು ಪಾಲು ಖಾಲಿ ಬಿಡಲು ಹೇಳಿ. ಆಮೇಲೆ ಇಂಕ್‌ಸ್ಕೇಪ್ ಅಥವಾ ಕ್ಯಾನ್ವಾದಲ್ಲಿ ಯೂನಿಕೋಡ್ ಫಾಂಟಿನಿಂದ ನೀವೇ ಬರೆಯಿರಿ. ಹಿನ್ನೆಲೆ ಹಳದಿಯಿದ್ದರೆ ಬಿಳಿ ಅಕ್ಷರ ಬೇಡ, ಕಡು ಕೆಂಪು ನಿಲ್ಲುತ್ತದೆ. ಫ್ಲೆಕ್ಸಿಗೆ ಕಳಿಸುವ ಮೊದಲು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ತಾರೀಕು ಮತ್ತು ಸ್ಥಳ ಓದಲು ಬಂದರೆ ಕಳಿಸಬಹುದು.